ಕರಾಪೋಟಿ ಓಟ: ಅಕಟರಾವಾ ಹೊಳೆಯಲ್ಲಿ ಸೈಕಲ್ ಇಳಿಸಿದವರು ಇಲ್ಲಿ ಯಾರಾದರೂ ಇದ್ದೀರಾ?

ಹಳೆ ಚೈನು

ನ್ಯೂಜಿಲೆಂಡ್‌ನ ಕರಾಪೋಟಿ ಕ್ಲಾಸಿಕ್ ಬಗ್ಗೆ ಕನ್ನಡದಲ್ಲಿ ಒಂದು ಸಾಲು ಬರೆದದ್ದನ್ನೂ ನಾನು ಕಂಡಿಲ್ಲ. ತೊಂಬತ್ತರ ದಶಕದಲ್ಲಿ ಓದಲೋ ದುಡಿಯಲೋ ವೆಲಿಂಗ್ಟನ್ ಕಡೆ ಹೋಗಿದ್ದ ನಮ್ಮವರಲ್ಲಿ ಒಬ್ಬಿಬ್ಬರಾದರೂ ಆ ಓಟದಲ್ಲಿ ತೋಯ್ದಿರಲೇಬೇಕು ಎಂಬ ನಂಬಿಕೆಯಿಂದ ಈ ಚರ್ಚೆಯನ್ನು ಆರಂಭಿಸುತ್ತಿದ್ದೇನೆ.

ಗೊತ್ತಿಲ್ಲದವರಿಗೆ ಎರಡು ಮಾತು. ಇದು 1986ರಲ್ಲಿ ಕೆನೆಟ್ ಸಹೋದರರು, ಅಂದರೆ ಪಾಲ್, ಸೈಮನ್ ಮತ್ತು ಜೊನಾಥನ್, ಹುಟ್ಟುಹಾಕಿದ ಮೌಂಟನ್ ಬೈಕ್ ಸ್ಪರ್ಧೆ. ಅಪ್ಪರ್ ಹಟ್ ಊರಿನಾಚೆ ಅಕಟರಾವಾ ಬೆಟ್ಟಸಾಲಿನ ಕಾಡಿನಲ್ಲಿ 50 ಕಿಲೋಮೀಟರ್. ಮೌಂಟನ್ ಬೈಕಿನ ಮೊದಲ ಅಧಿಕೃತ ವಿಶ್ವ ಚಾಂಪಿಯನ್‌ಶಿಪ್ ಅಮೆರಿಕದ ಡುರಾಂಗೊದಲ್ಲಿ ನಡೆದದ್ದು 1990ರಲ್ಲಿ. ಒಲಿಂಪಿಕ್ಸ್‌ಗೆ ಈ ಆಟ ಸೇರಿದ್ದು 1996ರಲ್ಲಿ, ಅಟ್ಲಾಂಟಾದಲ್ಲಿ. ಜಗತ್ತು ಇದಕ್ಕೊಂದು ಕಿರೀಟ ತೊಡಿಸುವ ಎಷ್ಟೋ ಮೊದಲೇ ಕರಾಪೋಟಿಯವರು ಹೊಳೆಗೆ ನುಗ್ಗುತ್ತಿದ್ದರು.

ನುಗ್ಗುವುದು ಎಂದರೆ ನುಗ್ಗುವುದೇ. ಕರಾಪೋಟಿ ಪಾರ್ಕಿನ ದಡದಲ್ಲಿ ಸಾಲಾಗಿ ನಿಂತು, ಸೂಚನೆ ಸಿಕ್ಕ ತಕ್ಷಣ ಸೈಕಲ್ ಹೊತ್ತೋ ತಳ್ಳಿಯೋ ಅಕಟರಾವಾ ನದಿಯನ್ನು ದಾಟಬೇಕು. ಮೊಣಕಾಲುದ್ದ ನೀರು, ತಳದಲ್ಲಿ ಪಾಚಿ ಹತ್ತಿದ ದುಂಡುಗಲ್ಲು. ಇಡೀ ಬೆಟ್ಟ ಸುತ್ತಿ ಬಂದ ಮೇಲೆ, ಕಾಲಿನಲ್ಲಿ ಕಸುವು ಉಳಿಯದ ಹೊತ್ತಿನಲ್ಲಿ, ಅದೇ ನದಿಯನ್ನು ಮತ್ತೆ ದಾಟಬೇಕು. ನಡುವೆ ತೊರೆಗಳು, ಕೆಸರುಗುಂಡಿಗಳು ಬೇರೆ. ಬೆಟ್ಟ ಹತ್ತಿಸುವ ಓಟಗಳು ಎಲ್ಲೆಲ್ಲೂ ಇವೆ. ನೀರಿನಲ್ಲಿ ಆರಂಭವಾಗಿ ನೀರಿನಲ್ಲಿ ಮುಗಿಯುವ ಓಟ ನನಗೆ ಬೇರೆಲ್ಲೂ ಸಿಗಲಿಲ್ಲ. ಆ ಓಟದ ಜೀವ ಇದ್ದದ್ದು ಆ ನೀರಿನಲ್ಲೇ ಎಂಬುದು ನನ್ನ ವಾದ. ಒಪ್ಪದವರು ಬನ್ನಿ.

ಉಕ್ಕಿನ ಕುದುರೆ

ಬಂದೆ. ಒಪ್ಪುವುದಿಲ್ಲ.

ನೀರು ಒಂದು ನಿಮಿಷದ ಸಂಭ್ರಮ. ಕರಾಪೋಟಿಯ ಜೀವ ಇದ್ದದ್ದು ಡೆವಿಲ್ಸ್ ಸ್ಟೇರ್‌ಕೇಸ್‌ನಲ್ಲಿ. ಹಾದಿಯನ್ನು ಕ್ರಮವಾಗಿ ನೆನಪಿಸಿಕೊಳ್ಳಿ. ಮೊದಲು ನದಿ, ಆಮೇಲೆ ಸ್ವಲ್ಪ ದೂರ ರಸ್ತೆ, ಆಮೇಲೆ ಕಣಿವೆಯ ಜಲ್ಲಿ ಹಾದಿ. ಅಲ್ಲಿಯವರೆಗೆ ಎಲ್ಲರೂ ಶೂರರು. ಆಮೇಲೆ ಡೆಡ್‌ವುಡ್ ಏರು. ಅದು ಮುಗಿದು ಉಸಿರು ಬಿಡುವಷ್ಟರಲ್ಲಿ ರಾಕ್ ಗಾರ್ಡನ್: ಮಳೆ ಕೊರೆದು ಬಿಟ್ಟ ಕಡಿದಾದ ಇಳಿಜಾರು, ಉದ್ದಕ್ಕೂ ಬಂಡೆಗಳು, ತಳದಲ್ಲಿ ತೊರೆ. ತೊರೆ ದಾಟಿದರೆ ಎದುರಿಗೇ ಡೆವಿಲ್ಸ್ ಸ್ಟೇರ್‌ಕೇಸ್. ಜಾರುವ ಜೇಡಿಮಣ್ಣು, ಬೇರು, ಮೆಟ್ಟಿಲಿನಂತಹ ಕೊರಕಲು. ಅಲ್ಲಿ ಸೈಕಲ್ ನಿಮ್ಮನ್ನು ಹೊರುವುದಿಲ್ಲ, ನೀವೇ ಅದನ್ನು ಹೊರಬೇಕು. ಆಮೇಲೆ ಬಿಗ್ ರಿಂಗ್ ಬುಲವಾರ್ಡ್‌ನ ವೇಗದ ಇಳಿಜಾರು, ಡೋಪರ್ಸ್ ಹಿಲ್ ಏರು, ಪ್ರಾಮ್ ಟ್ರ್ಯಾಕ್, ಮತ್ತೆ ಕಣಿವೆ, ಮತ್ತೆ ನಿಮ್ಮ ಪ್ರೀತಿಯ ನದಿ.

ನನ್ನದು ಆಗ ಕ್ರೋಮೊಲಿ ಉಕ್ಕಿನ ಚೌಕಟ್ಟು. ಮುಂದೆ ಸಸ್ಪೆನ್ಷನ್ ಇಲ್ಲ, ಹಿಂದೆಯೂ ಇಲ್ಲ, ಚಕ್ರದ ಅಂಚನ್ನು ಹಿಡಿಯುವ ಹಳೆ ಬಗೆಯ ಕ್ಯಾಂಟಿಲಿವರ್ ಬ್ರೇಕು. ಆ ಸ್ಟೇರ್‌ಕೇಸ್ ಮೇಲೆ ಅದು ಹೆಗಲು ಕೊರೆದ ಗುರುತು ವಾರಗಟ್ಟಲೆ ಇರುತ್ತಿತ್ತು. ನದಿ ಯಾರಿಗೂ ಗುರುತು ಬಿಡಲಿಲ್ಲ.

ದಡದವಳು

ನಾನು ಸೈಕಲ್ ತುಳಿದವಳಲ್ಲ. ಅಕ್ಕನ ಮನೆಯವರ ಜೊತೆ ನೋಡಲು ಹೋಗುತ್ತಿದ್ದವಳು. ಹಾಗಾಗಿ ನಿಮ್ಮಿಬ್ಬರಿಗೂ ಕಾಣದ್ದು ನನಗೆ ಕಂಡಿದೆ.

ಬೆಟ್ಟದೊಳಗೆ ಏನಾಗುತ್ತಿತ್ತೋ ನೋಡುವವರಿಗೆ ತಿಳಿಯುತ್ತಿರಲಿಲ್ಲ. ಡೆವಿಲ್ಸ್ ಸ್ಟೇರ್‌ಕೇಸ್‌ನ ಕಥೆಯನ್ನು ನೀವು ಹೇಳಿದಷ್ಟೇ ನಾವು ಕೇಳಬೇಕು, ನಂಬುವುದು ಬಿಡುವುದು ನಮಗೆ ಬಿಟ್ಟದ್ದು. ಆದರೆ ಹೊಳೆಯಲ್ಲಿ ಎಲ್ಲವೂ ಬಯಲು. ನೂರಾರು ಜನ ಒಟ್ಟಿಗೆ ನೀರಿಗಿಳಿದಾಗ ಅದು ಹೊಳೆಯಾಗಿ ಉಳಿಯುತ್ತಿರಲಿಲ್ಲ. ನೊರೆ, ಚಕ್ರ, ಕಾಲು, ಕೂಗು. ಮುಂದಿನ ಸಾಲಿನವರು ಸೈಕಲ್ಲನ್ನು ಹೆಗಲಿಗೇರಿಸಿ ಮೊಣಕಾಲನ್ನು ಎತ್ತೆತ್ತಿ ಓಡುತ್ತಿದ್ದರು. ನಡುವಿನವರು ತಳ್ಳುತ್ತಿದ್ದರು. ಕೊನೆಯ ತಂಡದಲ್ಲಿ ಯಾರಾದರೊಬ್ಬ ಧೀರ ಸೈಕಲ್ ಏರಿಯೇ ದಾಟುತ್ತೇನೆಂದು ಹೊರಡುತ್ತಿದ್ದ. ಜನ ಅವನಿಗಾಗಿಯೇ ಕಾಯುತ್ತಿದ್ದರು. ಅವನು ಬಿದ್ದಾಗ ಎದ್ದ ಚಪ್ಪಾಳೆ ಗೆದ್ದವನಿಗೂ ಸಿಗುತ್ತಿರಲಿಲ್ಲ.

ಉಕ್ಕಿನ ಕುದುರೆಯವರೇ, ನದಿ ಗುರುತು ಬಿಡಲಿಲ್ಲ ಎಂದಿರಿ. ಕೊನೆಯಲ್ಲಿ ದಾಟುವಾಗ ನೀರಿನ ನಡುವೆ ಸ್ನಾಯು ಹಿಡಿದು ಕಂಬದಂತೆ ನಿಂತುಬಿಟ್ಟವರನ್ನು ನಾನು ನೋಡಿದ್ದೇನೆ. ಗುರಿ ಕಣ್ಣೆದುರಿಗೆ, ಕಾಲು ಮಾತ್ರ ಕೇಳದು.

ಗೇರ್ ಸಾಕು

ಓಡುವುದೋ ತುಳಿಯುವುದೋ ಎಂಬ ಜಗಳ ಅಂದಿನಿಂದಲೂ ಇದೆ. ಲೆಕ್ಕ ಹಾಕಿದರೆ ಜಗಳಕ್ಕೆ ಜಾಗವೇ ಇಲ್ಲ.

26 ಇಂಚಿನ ಚಕ್ರದ ಅಚ್ಚು ನೆಲದಿಂದ ಸುಮಾರು 33 ಸೆಂಟಿಮೀಟರ್ ಎತ್ತರದಲ್ಲಿರುತ್ತದೆ. ಪೆಡಲಿನ ನಡು ಅಚ್ಚು, ಅಂದರೆ ಬಾಟಮ್ ಬ್ರಾಕೆಟ್, ಸುಮಾರು 30ರಲ್ಲಿ. ಪೆಡಲನ್ನು ಹಿಡಿದಿರುವ ತೋಳು, ಅಂದರೆ ಕ್ರ್ಯಾಂಕು, 175 ಮಿಲಿಮೀಟರ್ ಉದ್ದ. ಹಾಗಾದರೆ ಪೆಡಲು ಕೆಳಕ್ಕೆ ಬಂದಾಗ ನೆಲದಿಂದ ಹನ್ನೆರಡು ಹದಿಮೂರು ಸೆಂಟಿಮೀಟರ್ ಮಾತ್ರ ಉಳಿಯುತ್ತದೆ. ನೀರು ಒಂದು ಗೇಣಿಗಿಂತ ಹೆಚ್ಚಿದ್ದರೆ ಪ್ರತಿ ಸುತ್ತಿನಲ್ಲೂ ಪಾದ ನೀರನ್ನು ಉಳುತ್ತಿರುತ್ತದೆ. ಮೊಣಕಾಲುದ್ದ ಎಂದರೆ ಅಚ್ಚೂ ಮುಳುಗಿತು, ಅರ್ಧ ಚಕ್ರ ನೀರಿನೊಳಗೆ. ನೀರಿನ ಒತ್ತಡವೋ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ: ಎರಡು ಪಟ್ಟು ವೇಗಕ್ಕೆ ನಾಲ್ಕು ಪಟ್ಟು ತಡೆ. ಅದರ ಮೇಲೆ ಉರುಳುವ ಕಲ್ಲು. ಆರಂಭದ ನದಿಯಲ್ಲಿ ತುಳಿಯಲು ಹೊರಟವನು ಚಪ್ಪಾಳೆಗಾಗಿಯೇ ಹೊರಟವನು.

ಒಳಗಿನ ಸಣ್ಣ ತೊರೆಗಳ ವಿಷಯ ಬೇರೆ. ಹಿಮ್ಮಡಿ ಮುಳುಗುವಷ್ಟು ನೀರಿರುವಲ್ಲಿ ಸೈಕಲ್ಲಿನಿಂದ ಇಳಿಯುವುದೇ ನಷ್ಟ. ನೀರಿಗೆ ಬರುವ ಮೊದಲೇ ಹಗುರ ಗೇರಿಗೆ ಬದಲಿಸಬೇಕು, ಏಕೆಂದರೆ ನೀರಿನೊಳಗೆ ಚೈನು ಬದಲಾಗಲು ನಿಮ್ಮ ಅಪ್ಪಣೆ ಕೇಳುವುದಿಲ್ಲ. ಮೈಭಾರ ಹಿಂದಕ್ಕೆ, ಮುಂದಿನ ಚಕ್ರ ಹಗುರ, ಕಣ್ಣು ಆಚೆ ದಡದ ಮೇಲೆ. ಮುಂದಿನ ಚಕ್ರದ ಹತ್ತಿರ ನೋಡಿದಿರೋ, ಹರಿವ ನೀರು ನಿಮ್ಮ ಕಣ್ಣನ್ನೂ ಹ್ಯಾಂಡಲ್ಲನ್ನೂ ಕೆಳದಿಕ್ಕಿಗೆ ಎಳೆದುಬಿಡುತ್ತದೆ. ಪೆಡಲು ನಿಲ್ಲಿಸಬಾರದು. ಅಷ್ಟೇ ವಿದ್ಯೆ.

ಹಳೆ ಚೈನು

ಅದಕ್ಕೆ ಇನ್ನೊಂದು ಸೇರಿಸುತ್ತೇನೆ: ನೀರನ್ನು ಓದುವುದು. ಹೊಸಬರು ಯಾವಾಗಲೂ ನೀರು ನುಣ್ಣಗೆ ಹರಿಯುವಲ್ಲಿಗೆ ಹೋಗುತ್ತಿದ್ದರು. ನುಣ್ಣಗಿರುವುದೇ ಆಳ. ಮೇಲ್ಮೈ ಮುರಿದು ಸಣ್ಣ ಅಲೆ ಎದ್ದು ಸದ್ದು ಮಾಡುವ ಜಾಗದಲ್ಲಿ ತಳ ಮೇಲಕ್ಕೆ ಬಂದಿರುತ್ತದೆ. ತಿರುವಿನಲ್ಲಾದರೆ ಹೊರ ಅಂಚು ಕೊರೆದು ಆಳವಾಗಿರುತ್ತದೆ, ಒಳ ಅಂಚಿನಲ್ಲಿ ಜಲ್ಲಿ ಬಿದ್ದು ಮೆಲ್ಲಗಿರುತ್ತದೆ. ವರ್ಷಾನುವರ್ಷ ಬಂದವರು ಆರಂಭದ ಗೆರೆಯಲ್ಲಿ ನಿಲ್ಲುವಾಗಲೇ ಎಲ್ಲಿ ಇಳಿಯಬೇಕೆಂದು ಗುರುತು ಹಾಕಿಕೊಂಡಿರುತ್ತಿದ್ದರು. ಮುಂದೆ ಜಾಗ ಸಿಗದಿದ್ದರೂ ಸರಿಯಾದ ಕಡೆ ಸಿಕ್ಕರೆ ಸಾಕೆಂಬುದು ಅವರ ಲೆಕ್ಕ.

ಹಿಂದಿನ ಚಳಿಗಾಲದ ಪ್ರವಾಹ ತಳವನ್ನು ಬದಲಿಸಿರುತ್ತಿತ್ತು ಎಂಬುದನ್ನೂ ಮರೆಯಬಾರದು. ಡೆವಿಲ್ಸ್ ಸ್ಟೇರ್‌ಕೇಸ್ ಎಷ್ಟೇ ಕಷ್ಟವಾಗಿರಲಿ, ಇದ್ದಲ್ಲೇ ಇರುತ್ತದೆ. ನದಿಯನ್ನು ಪ್ರತಿ ವರ್ಷ ಹೊಸದಾಗಿ ಪರಿಚಯ ಮಾಡಿಕೊಳ್ಳಬೇಕಿತ್ತು. ನನ್ನ ವಾದಕ್ಕೆ ಇದು ಇನ್ನೊಂದು ಸಾಕ್ಷಿ, ಉಕ್ಕಿನ ಕುದುರೆಯವರು ಗಮನಿಸಲಿ.

ಬೇರಿಂಗ್ ಭಕ್ತ

ಎಲ್ಲರೂ ಮನುಷ್ಯರ ಕಷ್ಟ ಹೇಳುತ್ತಿದ್ದೀರಿ. ಸೈಕಲ್ಲಿನ ಪರವಾಗಿ ಒಬ್ಬನಾದರೂ ಮಾತಾಡಬೇಕು.

ಆ ಕಾಲದ ಹಬ್‌ಗಳು, ಅಂದರೆ ಚಕ್ರದ ಗುಂಬಗಳು, ಕಪ್ ಮತ್ತು ಕೋನ್ ಬಗೆಯವು: ಬಟ್ಟಲಿನಂತಹ ಕಪ್, ಶಂಕುವಿನಂತಹ ಕೋನ್, ನಡುವೆ ಗುಂಡು. ಬಿಡಿ ಉಕ್ಕಿನ ಗುಂಡುಗಳು, ಗ್ರೀಸು, ಧೂಳು ತಡೆಯಲು ಒಂದು ತೆಳ್ಳನೆಯ ರಬ್ಬರು. ಮಳೆಯನ್ನು ಅದು ತಡೆಯುತ್ತಿತ್ತು. ಮುಳುಗಿಸಿದರೆ ತಡೆಯುತ್ತಿರಲಿಲ್ಲ. ಅದರಲ್ಲೂ ಕೊನೆಯ ನದಿ ಮೊದಲಿನದಕ್ಕಿಂತ ಹೆಚ್ಚು ಕೆಡುಕಿನದು. ಗಂಟೆಗಟ್ಟಲೆ ಉರುಳಿ ಹಬ್ ಬೆಚ್ಚಗಾಗಿರುತ್ತದೆ, ಒಳಗಿನ ಗಾಳಿ ಹಿಗ್ಗಿರುತ್ತದೆ. ತಣ್ಣೀರಿನಲ್ಲಿ ಮುಳುಗಿದ ಕ್ಷಣ ಆ ಗಾಳಿ ಕುಗ್ಗಿ, ರಬ್ಬರಿನ ಅಂಚಿನಿಂದ ನೀರನ್ನು ಒಳಕ್ಕೆ ಹೀರಿಕೊಳ್ಳುತ್ತದೆ. ಹೊರಗಿನಿಂದ ಏನೂ ಕಾಣುವುದಿಲ್ಲ. ಎರಡು ವಾರದ ಮೇಲೆ ಚಕ್ರ ತಿರುಗಿಸಿದರೆ ಒಳಗೆ ಮರಳು ಅರೆಯುವ ಸದ್ದು.

ಬಾಟಮ್ ಬ್ರಾಕೆಟ್‌ನ ಕಥೆ ಇನ್ನೂ ದೊಡ್ಡದು. ನೀರು ಸೀಟಿನ ಕಂಬದ ಸಂದಿನಿಂದ ಇಳಿದು ಚೌಕಟ್ಟಿನ ಕೊಳವೆಗಳ ಮೂಲಕ ಅಲ್ಲಿಗೇ ಬಂದು ಸೇರುತ್ತದೆ, ಏಕೆಂದರೆ ಇಡೀ ಚೌಕಟ್ಟಿನಲ್ಲಿ ತಗ್ಗು ಜಾಗ ಅದೇ. ಕೆಲವು ಚೌಕಟ್ಟುಗಳಲ್ಲಿ ಕೆಳಗೆ ನೀರು ಸುರಿಯಲು ಸಣ್ಣ ತೂತು ಇರುತ್ತಿತ್ತು. ಇಲ್ಲದವರು ಓಟ ಮುಗಿದ ಕೂಡಲೇ ಸೀಟು ಕಿತ್ತು ಸೈಕಲ್ಲನ್ನು ತಲೆಕೆಳಗು ಮಾಡುತ್ತಿದ್ದರು. ಕರಾಪೋಟಿ ಪಾರ್ಕಿನ ಹುಲ್ಲಿನ ಮೇಲೆ ಆ ದೃಶ್ಯ ನೋಡಿದವರಿಗೆ ನಗು, ಮಾಡುವವರಿಗೆ ಕರ್ತವ್ಯ. ಮುಚ್ಚಿದ ಕಾರ್ಟ್ರಿಜ್ ಬ್ರಾಕೆಟ್‌ಗಳು ತೊಂಬತ್ತರ ದಶಕದಲ್ಲಿ ಹರಡಿದ ಮೇಲೆ ಈ ಗೋಳು ಅರ್ಧಕ್ಕೆ ಇಳಿಯಿತು.

ಇನ್ನು 1986ರಿಂದ ಒಂದೆರಡು ವರ್ಷ ಬಂದ ಸೈಕಲ್‌ಗಳಲ್ಲಿ ಹಿಂದಿನ ಬ್ರೇಕನ್ನು ಚೈನ್‌ಸ್ಟೇ, ಅಂದರೆ ಹಿಂದಿನ ಚಕ್ರದ ಅಚ್ಚಿಗೆ ಹೋಗುವ ಕೊಳವೆಯ ಕೆಳಗೆ, ಬಾಟಮ್ ಬ್ರಾಕೆಟ್‌ನ ಹಿಂದೆ ಕೂರಿಸುತ್ತಿದ್ದರು. ಯು-ಬ್ರೇಕ್. ಕೆಸರು ಬಂದು ಕೂರಲು ಅದಕ್ಕಿಂತ ಪ್ರಶಸ್ತ ಸ್ಥಳ ಸೈಕಲ್ಲಿನಲ್ಲಿ ಇರಲಿಲ್ಲ. ಅದನ್ನು ರೂಪಿಸಿದವರು ಎಂದೂ ತೊರೆ ದಾಟಿರಲಾರರು ಎಂದು ನನ್ನ ಅನುಮಾನ.

ಸುಮ್ಮನೆ ಓದುಗ

ಸೈಕಲ್ ಒದ್ದೆಯಾದ ಮೇಲೆ ಬ್ರೇಕು ಹಿಡಿಯುತ್ತಿತ್ತೇ? ಡಿಸ್ಕ್ ಬ್ರೇಕು ಬಂದ ಮೇಲೆ ಸೈಕಲ್ ಕಲಿತವನು ನಾನು, ಊಹಿಸಲು ಆಗುತ್ತಿಲ್ಲ.

ಉಕ್ಕಿನ ಕುದುರೆ

ಹಿಡಿಯುತ್ತಿತ್ತು, ತನಗೆ ತೋಚಿದಾಗ.

ಬ್ರೇಕಿನ ರಬ್ಬರು ಗಟ್ಟಿ, ಅಂದರೆ ಪ್ಯಾಡು, ಚಕ್ರದ ಅಂಚನ್ನು ಒತ್ತಿದಾಗ ಮೊದಲ ಒಂದೆರಡು ಸುತ್ತು ನೀರು ಒರೆಸುವುದಕ್ಕೇ ಹೋಗುತ್ತದೆ. ಆಮೇಲೆ ಹಿಡಿತ ಒಮ್ಮೆಲೇ ಬರುತ್ತದೆ. ಅಲ್ಯುಮಿನಿಯಂ ಅಂಚಿದ್ದರೆ ಬಚಾವು. ಹಳೆಯ ಕ್ರೋಮ್ ಲೇಪದ ಉಕ್ಕಿನ ಅಂಚಿನವರು ದೇವರ ಮೇಲೆ ಭಾರ ಹಾಕಬೇಕಿತ್ತು. ಅಂಥ ಅಂಚಿಗೆಂದೇ ತೊಗಲು ಹಚ್ಚಿದ ಗಟ್ಟಿಗಳೂ ಸಿಗುತ್ತಿದ್ದವು. ಅನುಭವಿಗಳು ತೊರೆಯಿಂದ ಹೊರಬಂದ ತಕ್ಷಣ, ಇಳಿಜಾರು ಬರುವ ಮೊದಲೇ, ಬ್ರೇಕನ್ನು ಮೆಲ್ಲಗೆ ಒತ್ತಿಹಿಡಿದು ತುಳಿದು ಅಂಚನ್ನು ಒಣಗಿಸಿಕೊಳ್ಳುತ್ತಿದ್ದರು.

ನೀರಿಗಿಂತ ನೀರಿನೊಳಗಿನ ಮರಳು ಹೆಚ್ಚು ಹಾಳು. ಗಟ್ಟಿಯಲ್ಲಿ ಸಿಕ್ಕಿಕೊಂಡ ಮರಳು ಅಂಚನ್ನು ಉಜ್ಜಿ ಉಜ್ಜಿ ತೆಳ್ಳಗೆ ಮಾಡುತ್ತದೆ. ಬೆರಳಿಟ್ಟರೆ ಗುಳಿ ತಿಳಿಯುವಷ್ಟು ಸವೆದ ಮೇಲೂ ಓಡಿಸಿದರೆ ಒಂದು ದಿನ ಟೈರಿನ ಗಾಳಿಯೇ ಅಂಚನ್ನು ಸೀಳಿಬಿಡುತ್ತದೆ. ಜಪಾನಿನ ಶಿಮಾನೊ ಕಂಪನಿಯ ವಿ-ಬ್ರೇಕ್ ಎಂಬ ಉದ್ದ ತೋಳಿನ ಬ್ರೇಕು 1996ರಲ್ಲಿ ಬಂದಾಗ ಬಲ ಹೆಚ್ಚಿತು, ಅಂಚಿನ ಆಯಸ್ಸು ಇನ್ನೂ ಇಳಿಯಿತು. ಡಿಸ್ಕ್ ಬಂದು ಈ ಅಧ್ಯಾಯ ಮುಗಿಸಿತು. ನೀವು ಪುಣ್ಯವಂತರು.

ಮುಳ್ಳುಕಂಟಿ

ದೂರದ ಬೆಟ್ಟ ನುಣ್ಣಗೆ, ದೂರದ ಹೊಳೆ ಇನ್ನೂ ನುಣ್ಣಗೆ ಎನ್ನಿಸುತ್ತದೆ ಈ ಚರ್ಚೆ ಓದಿದರೆ.

ನಾನೂ ಆ ಊರಿನಲ್ಲಿದ್ದೆ. ನನಗೆ ನೆನಪಿರುವುದು ಇಷ್ಟು: ಮಾರ್ಚ್ ಎಂದರೆ ಬೇಸಿಗೆಯ ಕೊನೆ, ಆದರೂ ದಕ್ಷಿಣದ ಗಾಳಿ ಎದ್ದರೆ ಬೆಟ್ಟದ ಮೇಲೆ ಹಲ್ಲು ಕಟಕಟ. ಓಟದ ಆರಂಭದಲ್ಲೇ ಬೂಟಿನೊಳಗೆ ನೀರು ತುಂಬಿಸಿಕೊಂಡು, ಇಡೀ 50 ಕಿಲೋಮೀಟರನ್ನು ಪಚಪಚ ಎನ್ನುವ ಕಾಲುಚೀಲದಲ್ಲಿ ಮುಗಿಸುವುದರಲ್ಲಿ ಯಾವ ಮಹತ್ವವೂ ಇಲ್ಲ. ಚೈನಿನ ಎಣ್ಣೆ ಮೊದಲ ನಿಮಿಷದಲ್ಲೇ ತೊಳೆದು ಹೋಗಿ, ಕಣಿವೆಯುದ್ದಕ್ಕೂ ನೂರಾರು ಚೈನು ಕೀಚಲು ದನಿಯಲ್ಲಿ ಹಾಡುತ್ತಿದ್ದವು. ಹಾದಿಯಲ್ಲಿ ನಡುನಡುವೆ ಗಾರ್ಸ್ ಮುಳ್ಳುಪೊದೆ. ಒಬ್ಬರನ್ನು ಹಿಂದಿಕ್ಕಲು ಬದಿಗೆ ಸರಿದರೆ ತೋಳೆಲ್ಲ ಗೀರು.

ಇನ್ನೊಂದು ಮಾತು. ನದಿ ದಾಟುವುದನ್ನು ಆಟ ಮಾಡುವ ಮೊದಲು ಆ ದೇಶದ ಇತಿಹಾಸ ಗೊತ್ತಿರಲಿ. ಹತ್ತೊಂಬತ್ತನೆಯ ಶತಮಾನದಲ್ಲಿ ವಲಸಿಗರು ನದಿ ದಾಟುವಾಗ ಮುಳುಗಿ ಸಾಯುವುದು ಎಷ್ಟು ಸಾಮಾನ್ಯವಾಗಿತ್ತೆಂದರೆ, ಮುಳುಗಿ ಸಾಯುವುದನ್ನೇ ನ್ಯೂಜಿಲೆಂಡ್ ಸಾವು ಎಂದು ಕರೆಯುತ್ತಿದ್ದರು.

ಹೊಳೆ ಓದುಗಾರ್ತಿ

ಮುಳ್ಳುಕಂಟಿಯವರ ಕೊನೆಯ ಮಾತು ನಿಜ. ಆದ್ದರಿಂದಲೇ ಅಲ್ಲಿ ಶಾಲೆಯ ಮಕ್ಕಳಿಗೂ ಹೊಳೆಯ ಪಾಠ ಇದೆ. ನೀರು ಕಲಕಿ ತಳ ಕಾಣದಿದ್ದರೆ ಇಳಿಯಬಾರದು. ನೀರಿನೊಳಗೆ ಕಲ್ಲು ಉರುಳುವ ಸದ್ದು ಕೇಳಿದರೆ, ಮರದ ದಿಮ್ಮಿ ತೇಲಿ ಬರುತ್ತಿದ್ದರೆ ಇಳಿಯಬಾರದು. ಹಿಂದಿರುಗುವುದೂ ದಾಟುವ ವಿದ್ಯೆಯ ಭಾಗ ಎಂದೇ ಕಲಿಸುತ್ತಾರೆ. ಅಕಟರಾವಾ ಸಾಮಾನ್ಯ ದಿನ ಸಾಧು. ಆದರೆ ಬೆಟ್ಟದ ಮೇಲೆ ಮಳೆ ಸುರಿದರೆ ಬೇಗ ಏರುವ ನದಿ. ಬಿರ್ಚ್‌ವಿಲ್ ಬಳಿ ಹಟ್ ನದಿಗೆ ಸೇರುವಲ್ಲಿ ನಿಂತು ನೋಡಿದವರಿಗೆ ಅದರ ಎರಡು ಮುಖವೂ ಗೊತ್ತು.

ನನ್ನ ಕೆಲಸ ನದಿಯ ಸಸ್ಯಗಳದ್ದು. ಹಾಗಾಗಿ ಯಾರೂ ಹೇಳದ ಇನ್ನೊಂದು ಸಂಗತಿ. ಹಳೆಯ ಓಟಗಾರರು ದಕ್ಷಿಣ ದ್ವೀಪದಿಂದ ಸೈಕಲ್ ತಂದು, ಕೆಸರು ಹತ್ತಿದ ಹಾಗೆಯೇ ಅಕಟರಾವಾದ ನೀರಿಗೆ ಇಳಿಸುತ್ತಿದ್ದರು. ಯಾರಿಗೂ ಅದರಲ್ಲಿ ತಪ್ಪು ಕಾಣುತ್ತಿರಲಿಲ್ಲ. 2004ರಲ್ಲಿ ದಕ್ಷಿಣ ದ್ವೀಪದ ವೈಆವ್ ನದಿಯಲ್ಲಿ ಡಿಡಿಮೊ ಎಂಬ ಪಾಚಿ ಸಿಕ್ಕಿತು. ಕಣ್ಣಿಗೆ ಕಾಣದ ಒಂದೇ ಜೀವಕೋಶದ ಡಯಾಟಮ್, ಬೆಳೆದರೆ ತಳದ ಕಲ್ಲುಗಳನ್ನೆಲ್ಲ ಒದ್ದೆ ಉಣ್ಣೆಯ ಕಂಬಳಿಯ ಹಾಗೆ ಹೊದೆಯುತ್ತದೆ. ಒಂದು ಹನಿ ನೀರು ಸಾಕು ಅದು ಹೊಸ ನದಿಗೆ ದಾಟಲು. ಆಮೇಲೆ ದೇಶದಾದ್ಯಂತ ಒಂದೇ ಮಂತ್ರ: ಪರೀಕ್ಷಿಸಿ, ತೊಳೆಯಿರಿ, ಒಣಗಿಸಿ. ಪಾತ್ರೆ ತೊಳೆಯುವ ದ್ರಾವಣವನ್ನು ಶೇಕಡ 5ರಷ್ಟು ಬೆರೆಸಿದ ನೀರಿನಲ್ಲಿ ತೊಳೆಯಬೇಕಿತ್ತು. ಇಲ್ಲವೇ ಪೂರ್ತಿ ಒಣಗಿದ ಮೇಲೆ ಇನ್ನೂ 48 ಗಂಟೆ ಬಿಡಬೇಕಿತ್ತು. ಮೀನು ಹಿಡಿಯುವವರ ಉಣ್ಣೆಯ ಅಟ್ಟೆಯ ಬೂಟುಗಳು ಒಣಗುವುದೇ ಕಷ್ಟವೆಂದು ಅವುಗಳನ್ನು 2008ರಲ್ಲಿ ನಿಷೇಧಿಸಿದರು. ಸೈಕಲ್ಲಿನ ಸೀಟು, ಟೈರಿನ ಗೆರೆ, ಬೂಟಿನ ಲೇಸು, ಇವೆಲ್ಲ ಅದೇ ಪಟ್ಟಿಗೆ ಬರುವ ವಸ್ತುಗಳು.

ಇನ್ನು ಬೇಸಿಗೆಯಲ್ಲಿ ನೀರು ಇಳಿದಾಗ ಹಟ್ ನದಿಯ ಕಲ್ಲುಗಳ ಮೇಲೆ ಕಪ್ಪು ಚಾಪೆಯಂತೆ ಬೆಳೆಯುವ ವಿಷಪಾಚಿ ಬೇರೆ. ಅದನ್ನು ತಿಂದು ನಾಯಿಗಳು ಸತ್ತಿವೆ. ನದಿ ದಡದಲ್ಲಿ ಎಚ್ಚರಿಕೆಯ ಫಲಕ ಹಾಕುವುದು ಇದಕ್ಕಾಗಿ. ಹಳೆಯ ಕಾಲದ ಬಾಯಾರಿದ ಓಟಗಾರರು ಬೊಗಸೆಯಲ್ಲಿ ಹೊಳೆ ನೀರು ಕುಡಿದು ಮುಂದೆ ಹೋಗುತ್ತಿದ್ದರು ಎಂಬ ಕಥೆ ಕೇಳಿದಾಗಲೆಲ್ಲ ನನಗೆ ಮೈ ಜುಮ್ಮೆನ್ನುತ್ತದೆ.

ಹಳೆ ಚೈನು

ಕುಡಿದವರಲ್ಲಿ ನಾನೂ ಒಬ್ಬ, ಬದುಕಿದ್ದೇನೆ. ಆದರೆ ನೀವು ಹೇಳಿದ್ದನ್ನು ಓದಿದ ಮೇಲೆ ಆ ನೀರಿನ ರುಚಿಯೇ ಬದಲಾಯಿತು.

ಮುಳ್ಳುಕಂಟಿಯವರಿಗೆ: ನೀರಿಗಿಳಿದ ಮೇಲೆ ಚಳಿಯೇನು ಮಳೆಯೇನು? ಕೆನೆಟ್ ಸಹೋದರರು ಬೇಕೆಂದೇ ನದಿಯನ್ನು ಮೊದಲಿಗೆ ಇಟ್ಟರೋ, ಜಾಗ ಇದ್ದದ್ದೇ ಹಾಗೋ, ಪರಿಣಾಮ ಮಾತ್ರ ಒಂದೇ. ಹೊಚ್ಚ ಹೊಸ ಬಟ್ಟೆ ತೊಟ್ಟವನೂ ಹರಕು ಚಡ್ಡಿಯವನೂ ಮೊದಲ ಅರ್ಧ ನಿಮಿಷದಲ್ಲಿ ಸಮನಾಗುತ್ತಿದ್ದರು. ಒಣಗಿಯೇ ಇರಬೇಕೆಂಬ ಆಸೆ ಹೋದ ಮೇಲೆ ಮುಂದಿನ ಯಾವ ಕೆಸರುಗುಂಡಿಗೂ ಯಾರೂ ಅಂಜುತ್ತಿರಲಿಲ್ಲ.

ದಡದವಳು

ಹೆಂಗಸರ ಮಾತೇ ಬರಲಿಲ್ಲವಲ್ಲ ಎಂದು ಕಾಯುತ್ತಿದ್ದೆ. ಕ್ಯಾಥಿ ಲಿಂಚ್ ಅವರನ್ನು ಮರೆತಿರಾ? ಕರಾಪೋಟಿಯಲ್ಲಿ ಮತ್ತೆ ಮತ್ತೆ ಗೆದ್ದವರು. 1996ರ ಅಟ್ಲಾಂಟಾ ಒಲಿಂಪಿಕ್ಸ್‌ನಲ್ಲಿ, ಮೌಂಟನ್ ಬೈಕಿನ ಮೊದಲ ಒಲಿಂಪಿಕ್ಸ್‌ನಲ್ಲಿ, ಎಂಟನೆಯವರಾಗಿ ಬಂದವರು.

ಅವರು ಕೋಸ್ಟ್ ಟು ಕೋಸ್ಟ್ ಓಟದಲ್ಲೂ ಗೆದ್ದವರು ಎಂಬುದನ್ನು ನೆನೆದರೆ ನದಿ ಅವರನ್ನು ಏಕೆ ಹೆದರಿಸಲಿಲ್ಲವೆಂದು ತಿಳಿಯುತ್ತದೆ. ರಾಬಿನ್ ಜಡ್ಕಿನ್ಸ್ 1983ರಲ್ಲಿ ಆರಂಭಿಸಿದ ಓಟ ಅದು: ದಕ್ಷಿಣ ದ್ವೀಪದ ಪಶ್ಚಿಮ ಕಡಲಿನಿಂದ ಪೂರ್ವ ಕಡಲಿಗೆ 243 ಕಿಲೋಮೀಟರ್, ಸೈಕಲ್, ಬೆಟ್ಟದ ಓಟ ಮತ್ತು ಕಯಾಕ್. ಬೆಟ್ಟದ ಓಟದಲ್ಲಿ ಡಿಸೆಪ್ಷನ್ ನದಿಯನ್ನು ಮತ್ತೆ ಮತ್ತೆ ದಾಟುತ್ತಲೇ ಗೋಟ್ ಪಾಸ್ ಏರಬೇಕು. ಆಮೇಲೆ ವೈಮಕರಿರಿ ನದಿಯಲ್ಲಿ ಕಯಾಕ್. ಅಂಥ ಪಳಗಿದ ಕಾಲಿಗೆ ಅಕಟರಾವಾ ಬಚ್ಚಲ ನೀರು.

ಗೇರ್ ಸಾಕು

ಆಮೇಲಿನ ತಲೆಮಾರಿನಲ್ಲಿ ಆಂಟನ್ ಕೂಪರ್ ಕೂಡ ಕರಾಪೋಟಿ ಗೆದ್ದವರೇ. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದ ಚಿನ್ನ ಅವರದು. ಅವರ ಸೈಕಲ್ಲಿಗೂ ಉಕ್ಕಿನ ಕುದುರೆಯವರ ಸೈಕಲ್ಲಿಗೂ ಸಾಮ್ಯ ಎಂದರೆ ಎರಡು ಚಕ್ರ ಇರುವುದು ಮಾತ್ರ. ಆದರೆ ಸೈಕಲ್ ಹೊತ್ತು ಓಡುವ ವಿದ್ಯೆಯಲ್ಲಿ ಹೊಸದೇನೂ ಇಲ್ಲ.

ಸೈಕ್ಲೋಕ್ರಾಸ್‌ನವರು, ಅಂದರೆ ಚಳಿಗಾಲದ ಕೆಸರಿನಲ್ಲಿ ಸೈಕಲ್ ಓಟ ನಡೆಸುವವರು, ಅದನ್ನು ನೂರು ವರ್ಷದ ಹಿಂದೆಯೇ ಪಳಗಿಸಿದ್ದರು. ಫ್ರಾನ್ಸ್‌ನ ಮೊದಲ ರಾಷ್ಟ್ರೀಯ ಸ್ಪರ್ಧೆ 1902ರದು. 1910ರ ಟೂರ್ ದ ಫ್ರಾನ್ಸ್ ಗೆದ್ದ ಆಕ್ಟಾವ್ ಲಪೀಜ್ ತನ್ನ ಗೆಲುವಿಗೆ ಚಳಿಗಾಲದ ಆ ಕೆಸರಿನ ಅಭ್ಯಾಸವೇ ಕಾರಣ ಎಂದ ಮೇಲೆ ಅದಕ್ಕೆ ಮರ್ಯಾದೆ ಬಂತು. 1950ರಲ್ಲಿ ಪ್ಯಾರಿಸ್‌ನಲ್ಲಿ ಮೊದಲ ವಿಶ್ವ ಚಾಂಪಿಯನ್‌ಶಿಪ್ ಗೆದ್ದ ಜಾನ್ ರೊಬಿಕ್ ಕೂಡ 1947ರ ಟೂರ್ ವಿಜೇತ. ಸೈಕ್ಲೋಕ್ರಾಸ್‌ನವರ ಕ್ರಮ ಇಂದಿಗೂ ಅದೇ: ಎಡಬದಿಗೆ ಇಳಿಯುವುದು, ಬಲ ಹೆಗಲಿಗೆ ಚೌಕಟ್ಟು ಏರಿಸುವುದು. ಚೈನು ಬಲಕ್ಕೆ ಇರುವುದರಿಂದ ಅದು ಮೈಯಿಂದ ಆಚೆ ಉಳಿಯುತ್ತದೆ, ಗೇರಿನ ಹಲ್ಲು ತಾಗುವುದಿಲ್ಲ. ಕರಾಪೋಟಿ ದಡದಲ್ಲಿ ಇದನ್ನು ತಿಳಿಯದೆ ಎಡ ಹೆಗಲಿಗೆ ಏರಿಸಿ, ಕುತ್ತಿಗೆಗೆ ಚೈನಿನ ಮಸಿಯ ಹಾರ ಹಾಕಿಕೊಂಡವರು ಬಹಳ.

ಬೂಟಿನ ವಿಷಯ ಒಂದು. 1990ರಲ್ಲಿ ಬೂಟನ್ನು ಕಚ್ಚಿ ಹಿಡಿಯುವ ಶಿಮಾನೊ ಎಸ್‌ಪಿಡಿ ಪೆಡಲು ಬಂದ ಮೇಲೆ ಬೂಟಿನ ಅಡಿಗೆ ಉಕ್ಕಿನ ತುಂಡು ಸೇರಿತು. ಬೆಟ್ಟ ಹತ್ತಲು ಅದು ವರ. ಹೊಳೆಯ ಕಲ್ಲಿನ ಮೇಲೆ ಉಕ್ಕು ಇಟ್ಟರೆ ಏನಾಗುತ್ತದೆ ಎಂದು ನಾನು ಹೇಳಬೇಕಿಲ್ಲ. ಬೂಟಿನ ಮುಂತುದಿಯ ಅಡಿಗೆ ಮೊಳೆ ಹಾಕಿಸಿಕೊಂಡವರು ಬಚಾವಾದರು.

ಉಕ್ಕಿನ ಕುದುರೆ

ನೀರಿನಲ್ಲಿ ತಳ್ಳುವವರ ಬಗ್ಗೆ ಒಂದು ಹಳೆಯ ಜಗಳ ಉಳಿದಿದೆ: ಸೈಕಲ್ ಹರಿವಿನ ಮೇಲ್ಬದಿಗೆ ಇರಬೇಕೋ ಕೆಳಬದಿಗೋ? ನಾನು ಕೆಳಬದಿಯ ಪಕ್ಷ. ಮೇಲ್ಬದಿಗಿದ್ದರೆ ಹರಿವು ಸೈಕಲ್ಲನ್ನು ತಂದು ನಿಮ್ಮ ಕಾಲಿಗೇ ಒತ್ತುತ್ತದೆ, ಜಾರಿದರೆ ಚಕ್ರದೊಳಗೆ ಕಾಲು ಸಿಕ್ಕಿಕೊಳ್ಳುತ್ತದೆ.

ಹಳೆ ಚೈನು

ನಾನು ಮೇಲ್ಬದಿಯ ಪಕ್ಷ. ಸೈಕಲ್ ಮೇಲೆ ಒರಗಿ ನಿಲ್ಲಬಹುದು, ಅದೇ ಊರುಗೋಲು. ಕೆಳಬದಿಗಿದ್ದರೆ ನೀರು ಅದನ್ನು ಕೈಯಿಂದ ಕಿತ್ತುಕೊಂಡು ಹೋಗಲು ನೋಡುತ್ತದೆ. ನಿಮ್ಮ ಸೈಕಲ್ಲನ್ನು ಒಮ್ಮೆ ಹಾಗೆ ಹಿಡಿದು ತಂದುಕೊಟ್ಟವರು ಯಾರೋ ಸ್ವಯಂಸೇವಕರೇ ಇರಬೇಕು.

ಉಕ್ಕಿನ ಕುದುರೆ

ಆ ಸಂಗತಿ ನಿಮಗೆ ಹೇಗೆ ಗೊತ್ತಾಯಿತು?

ದಡದವಳು

ದಡದಲ್ಲಿ ಎಲ್ಲವೂ ಬಯಲು ಎಂದು ಮೊದಲೇ ಹೇಳಿದ್ದೆ.

ರೈಲಿನ ಹುಡುಗ

ಈಗ ತಾನೇ ಓದಿ ಮುಗಿಸಿದೆ. ನನ್ನ ನೆನಪು ಓಟ ಮುಗಿದ ಮೇಲಿನದು. ಕಾರಿಲ್ಲದ ವಿದ್ಯಾರ್ಥಿಗಳು ಅಪ್ಪರ್ ಹಟ್ ನಿಲ್ದಾಣದವರೆಗೆ ಸೈಕಲ್ ತುಳಿದು, ಅಲ್ಲಿಂದ ವೆಲಿಂಗ್ಟನ್ ರೈಲು ಹಿಡಿಯುತ್ತಿದ್ದೆವು. ಹಂಗೆರಿಯ ಗಾನ್ಸ್ ಮಾವಾಗ್ ಕಂಪನಿಯ ರೈಲುಗಳು ಆಗ. ಕೆಸರು ಮೆತ್ತಿದ ಸೈಕಲ್, ನೀರು ಸುರಿಯುವ ಬೂಟು, ಉಪ್ಪು ಗಟ್ಟಿದ ಮುಖ. ಎದುರು ಕುಳಿತ ಪ್ರಯಾಣಿಕರು ಪತ್ರಿಕೆ ಎತ್ತಿ ಮುಖ ಮುಚ್ಚಿಕೊಳ್ಳುತ್ತಿದ್ದರು, ನಮ್ಮ ವಾಸನೆಗೆ ಅದೇ ತಕ್ಕ ಉತ್ತರ. ಡಬ್ಬಿಯ ನೆಲದ ಮೇಲೆ ಅಕಟರಾವಾದ ಒಂದು ಸಣ್ಣ ಕವಲು ಹರಿಯುತ್ತಿತ್ತು.

ಅಂದ ಹಾಗೆ ಕೆನೆಟ್ ಸಹೋದರರು ಓಟಕ್ಕೇ ನಿಲ್ಲಲಿಲ್ಲ. ನ್ಯೂಜಿಲೆಂಡ್‌ನ ಮೌಂಟನ್ ಬೈಕ್ ಹಾದಿಗಳ ಕೈಪಿಡಿ ಬರೆದರು, ನಾವೆಲ್ಲ ಅದನ್ನು ಹಾಳೆ ಕಿತ್ತುಹೋಗುವವರೆಗೆ ಓದಿದ್ದೇವೆ. ವೆಲಿಂಗ್ಟನ್‌ನ ಮಕಾರಾ ಪೀಕ್ ಬೈಕ್ ಪಾರ್ಕ್ 1998ರಲ್ಲಿ ಆರಂಭವಾದಾಗ ಸೈಮನ್ ಅದರ ಮುಂಚೂಣಿಯಲ್ಲಿದ್ದರು. ಜೊನಾಥನ್ 2016ರಲ್ಲಿ ಟೂರ್ ಆಟೆಆರೋವಾ ಆರಂಭಿಸಿದರು: ಉತ್ತರದ ತುದಿಯ ಕೇಪ್ ರೈಂಗಾದಿಂದ ದಕ್ಷಿಣದ ಬ್ಲಫ್‌ವರೆಗೆ ಸುಮಾರು 3000 ಕಿಲೋಮೀಟರ್. ಅದು ಸ್ಪರ್ಧೆಯಲ್ಲ, ಯಾತ್ರೆ.

ಈಗ ನನ್ನ ಪ್ರಶ್ನೆ, ಬೇರಿಂಗ್ ಭಕ್ತರಿಗೆ. ಆ ಓಟಗಳಲ್ಲಿ ಮುಳುಗಿಸಿದ ಸೈಕಲ್ ಇನ್ನೂ ನನ್ನ ಬಳಿ ಇದೆ. ಶಿಮಾನೊ ಕಪ್-ಕೋನ್ ಹಬ್. ತಿರುಗಿಸಿದರೆ ನೀವು ಹೇಳಿದ ಅದೇ ಮರಳಿನ ಸದ್ದು. ಉಳಿಸಬಹುದೇ, ಎಸೆಯಬೇಕೇ?

ಬೇರಿಂಗ್ ಭಕ್ತ

ಎಸೆಯಬೇಡಿ, ಬಿಚ್ಚಿ ನೋಡಿ. ಹಿಂದಿನ ಹಬ್‌ನಲ್ಲಿ ಒಂದೊಂದು ಬದಿಗೆ ಕಾಲು ಇಂಚಿನ ಒಂಬತ್ತು ಗುಂಡುಗಳು, ಮುಂದಿನದರಲ್ಲಿ ಒಂದೊಂದು ಬದಿಗೆ 3/16 ಇಂಚಿನ ಹತ್ತು. ಬಿಚ್ಚುವಾಗ ಕೆಳಗೆ ಬಟ್ಟೆ ಹಾಸಿಕೊಳ್ಳಿ, ಇಲ್ಲದಿದ್ದರೆ ಅವು ಕಪಾಟಿನಡಿಗೆ ವಲಸೆ ಹೋಗುತ್ತವೆ. ಹಳೆಯ ಗುಂಡುಗಳನ್ನು ಮತ್ತೆ ಹಾಕಬೇಡಿ, ಹೊಸದರ ಜೊತೆ ಬೆರೆಸಲೂ ಬೇಡಿ.

ಕೋನ್ ಒರೆಸಿ, ಬಾಲ್ ಪೆನ್ನಿನ ತುದಿಯನ್ನು ಗುಂಡು ಉರುಳುವ ಗೆರೆಯ ಮೇಲೆ ಎಳೆಯಿರಿ. ತುದಿ ಎಲ್ಲಾದರೂ ಸಿಕ್ಕಿಕೊಂಡರೆ ಅಲ್ಲಿ ಗುಳಿ ಬಿದ್ದಿದೆ, ಕೋನ್ ಬದಲಿಸಿ. ಹಬ್‌ನೊಳಗಿನ ಕಪ್‌ಗೂ ಇದೇ ಪರೀಕ್ಷೆ ಮಾಡಿ. ಕೋನ್ ಹಾಳಾದರೆ ಹಬ್ ಬದುಕುತ್ತದೆ, ಕಪ್ ಹಾಳಾದರೆ ಬದುಕುವುದು ಕಷ್ಟ. ಕಪ್ ನುಣ್ಣಗಿದ್ದರೆ ದೋಣಿ ಸಾಗಿಸುವ ಗಾಡಿಗಳಿಗೆ ಹಾಕುವ ನೀರು ಹಿಡಿಯದ ಗ್ರೀಸನ್ನು ಧಾರಾಳವಾಗಿ ತುಂಬಿ. ಹೆಚ್ಚಾದದ್ದು ಹೊರಗೆ ಬಂದರೂ ಪರವಾಗಿಲ್ಲ.

ಬಿಗಿಯುವಾಗ ಎಳ್ಳಷ್ಟು ಸಡಿಲ ಬಿಡಿ, ಚಕ್ರ ಬಿಗಿಯುವ ಕ್ವಿಕ್ ರಿಲೀಸ್ ಹಿಡಿಯನ್ನು ಮುಚ್ಚಿದಾಗ ಅಚ್ಚು ಅಮುಕಿಕೊಂಡು ಅದು ಸರಿಹೋಗುತ್ತದೆ. ಮುಂದಿನ ಕೋನ್‌ಗೆ 13 ಮಿಲಿಮೀಟರಿನ ತೆಳು ಸ್ಪ್ಯಾನರ್, ಹಿಂದಿನದಕ್ಕೆ 15ರದು. ಮೊದಲು ಹಿಂದಿನ ಚಕ್ರ ಬಿಚ್ಚಿ, ಸಾಮಾನ್ಯವಾಗಿ ಹೆಚ್ಚು ಹಾಳಾಗಿರುವುದು ಅದೇ. ಏನು ಕಂಡಿತೆಂದು ಇಲ್ಲೇ ಬರೆಯಿರಿ.